ಜಾಲಿ ಕಿತ್ತ ಜೆಸಿಬಿಗೆ 100ಕ್ಕೆ 68

ಮಾರ್ಕ್ಸ್ ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನಮ್ಮ ಹೊಲದ ಬಳ್ಳಾರಿ ಜಾಲಿ ಕೀಳಿಸಲು ಸಿಂಧನೂರಿನಿಂದ ಕರೆಸಿದ ಜೆಸಿಬಿಯವರಿಗೆ 100ಕ್ಕೆ 68. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು ನಾನು. ಗ್ರೇಸ್ ಮಾರ್ಕ್ಸ್ ಹಾಕುವ ಅಭ್ಯಾಸ ಇಲ್ಲ. ಬುಡ ಕಿತ್ತ ಕೆಲಸ ಒಂದನ್ನೇ ನೋಡಿದ್ದರೆ 90 ಕೊಡುತ್ತಿದ್ದೆ. ಮೀಟರ್ ಲೆಕ್ಕ, ಮುಚ್ಚದೆ ಬಿಟ್ಟ ಗುಂಡಿಗಳು, ಮಾರನೇ ದಿನ ಕಳಿಸಿದ ಹುಡುಗ, ಇವೇ ಮಾರ್ಕ್ಸ್ ತಿಂದವು.

ಮಾಲೀಕರ ಹೆಸರು ಬರೆಯುವುದಿಲ್ಲ. ಬೈಯುವ ಕಡೆ ಹೆಸರು ಹಾಕಿ, ಸಂತೆಯಲ್ಲಿ ಎದುರಾದಾಗ ಮುಖ ತಪ್ಪಿಸಿ ಓಡಾಡುವುದು ನನ್ನ ಕೈಲಾಗದು. ಅಷ್ಟಕ್ಕೂ ಈ ಕೆಲಸ ಮಾಡುವ ಗಾಡಿಗಳು ಸಿಂಧನೂರು, ಮಾನ್ವಿ, ಕಾರಟಗಿ, ಗಂಗಾವತಿ ಎಲ್ಲಾ ಕಡೆ ಇವೆ. ಯಾರನ್ನು ಕರೆಸಿದರೂ ಏನು ಕೇಳಬೇಕು, ನಿಂತು ಏನು ನೋಡಬೇಕು ಅಂತ ಗೊತ್ತಿದ್ದರೆ ಸಾಕು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ಹೊಲದ ಕಥೆ. ಅಪ್ಪನ ಕಡೆಯಿಂದ ನನ್ನ ಪಾಲಿಗೆ ಬಂದದ್ದು ನಾಲ್ಕು ಎಕರೆ ಎರೆ ಹೊಲ. ಮೇಲ್ಗಡೆ ತುಂಗಭದ್ರಾ ಎಡದಂಡೆಯ ಒಂದು ಉಪಕಾಲುವೆ, ಕೆಳಗಡೆ ಹಳ್ಳ. ಮೇಲಿನ ಭಾಗದಲ್ಲಿ ನೆಲ್ಲು ಬೆಳೆಯುತ್ತದೆ, ಅದನ್ನು ಲೀಜಿಗೆ ಹಾಕಿದ್ದೇವೆ. ಹಳ್ಳದ ಕಡೆಯ ಒಂದೂಕಾಲು ಎಕರೆ ಮಾತ್ರ ಸವಳು. ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ಬೇಸಿಗೆಯಲ್ಲಿ ನೆಲದ ಮೇಲೆ ಬೆಳ್ಳಗೆ ಉಪ್ಪು ಎದ್ದು ಕಾಣುತ್ತದೆ. ಲೀಜು ಮಾಡುವವರು ಆ ಭಾಗ ನಮಗೆ ಬೇಡವೇ ಬೇಡ ಅಂತ ಅಳತೆಯಲ್ಲೇ ಬಿಟ್ಟು ಮಾತಾಡುತ್ತಾರೆ.

ಆ ನೆಲ ಮೊದಲಿಂದ ಹೀಗಿರಲಿಲ್ಲ. ನಮ್ಮ ಅಜ್ಜಿ ಅಲ್ಲಿ ಬಿಳಿಜೋಳ ಬಿತ್ತುತ್ತಿದ್ದರು. 1953ರಲ್ಲಿ ತುಂಗಭದ್ರಾ ಡ್ಯಾಮ್ ಸಿದ್ಧವಾಯಿತು. ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದ, ಕೊಪ್ಪಳದಿಂದ ರಾಯಚೂರಿನವರೆಗೆ. ಯೋಜನೆಯ ಲೆಕ್ಕದಲ್ಲಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೇ ಜಾಸ್ತಿ ಜಾಗ ಇಟ್ಟಿದ್ದರು. ಆದರೆ ನೀರು ಸಿಕ್ಕ ಕಡೆ ಎಲ್ಲರೂ ನೆಲ್ಲಿಗೆ ಬಿದ್ದರು. ತಪ್ಪು ಅನ್ನಲಾರೆ, ನೆಲ್ಲಿಗೆ ರೊಕ್ಕ ಬರುತ್ತದೆ. ಎರೆ ಮಣ್ಣು ಮಾತ್ರ ನೀರನ್ನು ಸುಲಭಕ್ಕೆ ಕೆಳಗೆ ಬಿಡುವುದಿಲ್ಲ. ಮೇಲಿನ ಗದ್ದೆಗಳ ಬಸಿ ನೀರು ತಗ್ಗಿಗೆ ಬಂದು ನಿಲ್ಲುತ್ತದೆ, ಬಿಸಿಲಿಗೆ ಆರುತ್ತದೆ, ಅದರಲ್ಲಿದ್ದ ಉಪ್ಪು ನೆಲದಲ್ಲೇ ಉಳಿಯುತ್ತದೆ. ವರ್ಷ ವರ್ಷ ಇದೇ. ಜೋಳ ಹೋಯಿತು, ನೆಲ್ಲೂ ಬರಲಿಲ್ಲ, ಹೊಲ ಬೀಳುಬಿತ್ತು. ಬೀಳುಬಿದ್ದ ನೆಲಕ್ಕೆ ಜಾಲಿ ಬಂತು.

ಜಾಲಿಗೆ ಉಪ್ಪು ನೆಲ ಆದರೂ ಆಗುತ್ತದೆ, ಬರಗಾಲ ಆದರೂ ಆಗುತ್ತದೆ. ಕಾಯಿ ಸಿಹಿ. ಆಡು, ಕುರಿ, ದನ ಎಲ್ಲಾ ತಿನ್ನುತ್ತವೆ. ಬೀಜದ ಸಿಪ್ಪೆ ಗಟ್ಟಿ, ಹೊಟ್ಟೆಯಲ್ಲಿ ಕರಗುವುದಿಲ್ಲ. ಸಗಣಿ, ಹಿಕ್ಕೆಯ ಜೊತೆ ಬಿದ್ದಲ್ಲೇ ಗೊಬ್ಬರ ಸಮೇತ ಮೊಳೆಯುತ್ತದೆ. ನಮ್ಮ ಹೊಲದ ಬದುವಿನ ಮೇಲೆ ಕುರಿ ದಾರಿ ಇದೆ. ಇನ್ನೇನು ಬೇಕು?

ನಮ್ಮ ಮಕ್ಕಳಿಗೆ ಪಾಠದಲ್ಲಿ ಹೇಳುವ ಮಾತು ಇಲ್ಲೂ ಹೇಳುತ್ತೇನೆ. ಹೆಸರಲ್ಲಿ ಬಳ್ಳಾರಿ ಇದ್ದರೂ ಇದರ ತವರು ಮೆಕ್ಸಿಕೋ, ಮಧ್ಯ ಅಮೆರಿಕ, ಕೆರಿಬಿಯನ್ ಕಡೆ. 1877ರಲ್ಲಿ ಮದ್ರಾಸ್ ಪ್ರಾಂತದ ಅರಣ್ಯ ಇಲಾಖೆ ಜಮೈಕಾದಿಂದ ಬೀಜ ತರಿಸಿ ಕಡಪ ಜಿಲ್ಲೆಯ ಕಮಲಾಪುರಂನಲ್ಲಿ ಹಾಕಿಸಿತು. ಬಳ್ಳಾರಿಯೂ ಆಗ ಮದ್ರಾಸ್ ಪ್ರಾಂತದಲ್ಲೇ ಇತ್ತು. ಒಣಸೀಮೆಗೆ ಹಸಿರು, ಬಡವರಿಗೆ ಸೌದೆ, ಇದು ಅವರ ಉದ್ದೇಶ. ಸೌದೆ ಏನೋ ಸಿಕ್ಕಿತು ಬಿಡಿ. ಗುಜರಾತಿನ ಕಚ್ಛದಲ್ಲೂ ಇದೇ ಆಯಿತು. 1960ರ ದಶಕದಲ್ಲಿ ಉಪ್ಪು ಮರುಭೂಮಿ ಮುಂದೆ ಬರದಿರಲಿ ಅಂತ ನೆಟ್ಟರು, ಅಲ್ಲಿನ ಹುಲ್ಲುಗಾವಲನ್ನೇ ಅದು ನುಂಗುತ್ತಾ ಹೋಯಿತು. ಕೀನ್ಯಾದ ದನಗಾಹಿಗಳಂತೂ ಸರ್ಕಾರದ ಮೇಲೆ ಕೇಸ್ ಹಾಕಿ, ಈ ಕಾಯಿ ತಿಂದು ಹಲ್ಲು ಹೋದ ಆಡನ್ನೇ ಕೋರ್ಟಿಗೆ ಕರೆತಂದರು. ಕಾಯಿಯ ಸಕ್ಕರೆ ಹಲ್ಲಿಗೆ ಅಂಟಿಕೊಂಡು ಹಾಳು ಮಾಡುತ್ತದೆ. ದಸರಾಕ್ಕೆ ನಾವು ಎಲೆ ಹಂಚಿಕೊಳ್ಳುವ ಬನ್ನಿ ಮರ ಇದರ ಹತ್ತಿರದ ಬಂಧು ಅಂದಾಗ ಮಕ್ಕಳು ನಂಬುವುದೇ ಇಲ್ಲ.

ಇನ್ನು ಜೆಸಿಬಿಯೇ ಯಾಕೆ ಅನ್ನೋದು. ಇದಕ್ಕಿಂತ ಅಗ್ಗದ ದಾರಿ ಇದೆ, ಇದ್ದಿಲಿನವರು. ದುಡ್ಡು ಕೇಳುವುದಿಲ್ಲ, ತಾವೇ ಒಂದಿಷ್ಟು ಕೊಡುತ್ತಾರೆ. ಬಂದು ಕಡಿಯುತ್ತಾರೆ, ಹೊಲದ ಮೂಲೆಯಲ್ಲೇ ಕಟ್ಟಿಗೆ ಒಟ್ಟಿ, ಹುಲ್ಲು ಮಣ್ಣು ಮುಚ್ಚಿ ಭಟ್ಟಿ ಹಾಕುತ್ತಾರೆ, ಅದು ದಿನಗಟ್ಟಲೆ ಒಳಗೊಳಗೇ ಹೊಗೆಯಾಡುತ್ತದೆ, ಇದ್ದಿಲು ತುಂಬಿಕೊಂಡು ಹೋಗುತ್ತಾರೆ. ಹೊಲ ನನ್ನ ಹೆಸರಿಗೆ ಆಗುವ ಮೊದಲು ನಮ್ಮ ಕಾಕಾ ಅವರಿಗೇ ಕೊಟ್ಟಿದ್ದರು. ಮೊಣಕಾಲೆತ್ತರಕ್ಕೆ ಕಡಿದು ಹೋದರು. ಮುಂದಿನ ಮಳೆಗೆ ಒಂದೊಂದು ಬುಡದಿಂದ ಹತ್ತಾರು ಚಿಗುರು ಎದ್ದವು. ಮೊದಲು ಮರಗಳ ನಡುವೆ ಮನುಷ್ಯ ನುಸುಳಬಹುದಿತ್ತು, ಆಮೇಲೆ ನಾಯಿ ನುಗ್ಗುವುದಕ್ಕೂ ಆಗಲಿಲ್ಲ. ಇದ್ದಿಲಿನವರಿಗೆ ಅದೇ ಬೇಕು. ಮರ ಸತ್ತರೆ ಮುಂದಿನ ಸಲ ಅವರಿಗೆ ಕೆಲಸ ಎಲ್ಲಿದೆ? ಅವರನ್ನು ಬೈಯುತ್ತಿಲ್ಲ. ಅವರದು ಹೊಟ್ಟೆಪಾಡು, ಹೊಗೆಯಲ್ಲಿ ಕೂತು ಮಾಡುವ ಕಷ್ಟದ ಕೆಲಸ. ಬೆಳೆದ ಮರ ಮಾರುವವರಿಗೆ ಅವರು ಸರಿ. ಹೊಲ ವಾಪಸ್ ಬೇಕು ಅನ್ನುವವರಿಗೆ ಅಲ್ಲ.

ಔಷಧದ ಸಲಹೆಗಳೂ ಬಂದವು. ಕಡಿದ ಬುಡಕ್ಕೆ ಡೀಸೆಲ್ ಸುರಿಯಿರಿ ಅಂತ ಒಬ್ಬರು. ಉಪ್ಪು ಹಾಕಿ ಅಂತ ಇನ್ನೊಬ್ಬರು. ಉಪ್ಪಿನಿಂದಲೇ ಕೆಟ್ಟ ಹೊಲಕ್ಕೆ ಉಪ್ಪು! ಆ ಮಹಾನುಭಾವರಿಗೆ ಚಹಾ ಕುಡಿಸಿ ಕಳಿಸಿದೆ.

ಜೆಸಿಬಿಯವರ ರೇಟು ಗಂಟೆಗೆ 1,200 ರೂಪಾಯಿ, ಡ್ರೈವರ್ ಬತ್ತಾ ಬೇರೆ, ಊಟ ನಮ್ಮದು. ಫೋನಿನಲ್ಲಿ ಮಾಲೀಕರು ಎಲ್ಲಕ್ಕೂ "ಆಗ್ತದ್ರಿ ಅಕ್ಕಾರ, ಆಗ್ತದ್ರಿ" ಅಂದರು. ಈ ಕಡೆ ಕೆಲಸ ಕೇಳುವಾಗ ಇದಕ್ಕಿಂತ ಜಾಸ್ತಿ ಉತ್ತರ ಸಿಗುವುದಿಲ್ಲ. ನಾನು ಒಂದೇ ಮಾತು ಕೇಳಿದೆ: ಮುಂದಿನ ಬಕೆಟ್‌ನಿಂದ ತಳ್ಳಿ ಬೀಳಿಸುತ್ತೀರೋ, ಹಿಂದಿನ ಬಕೆಟ್‌ನಿಂದ ಬುಡ ತೋಡಿ ಎತ್ತುತ್ತೀರೋ? ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ತೋಡಿ ಎತ್ತಿದರೆ ಟೈಮ್ ಜಾಸ್ತಿ ಹಿಡಿಯುತ್ತದೆ ಅಂದರು. ಹಿಡಿಯಲಿ ಅಂದೆ. ಇದನ್ನು ಕೇಳದೆ ಯಾರೂ ಗಾಡಿ ಬುಕ್ ಮಾಡಬೇಡಿ.

ಕರೆಸಿದ್ದು ಜನವರಿ ಕೊನೆಗೆ. ಪಕ್ಕದ ಗದ್ದೆಗಳ ಕೊಯ್ಲು ಮುಗಿದಿರುತ್ತದೆ, ಗಾಡಿ ಹೋಗಲು ದಾರಿ ಸಿಗುತ್ತದೆ. ನೆಲವೂ ಒಳಗೆ ಸ್ವಲ್ಪ ಹಸಿ ಇರುತ್ತದೆ. ಏಪ್ರಿಲ್‌ನಲ್ಲಿ ಎರೆ ಮಣ್ಣು ಕಲ್ಲಾಗಿ ಬಿರುಕು ಬಿಟ್ಟಿರುತ್ತದೆ, ಆಗ ಎಳೆದರೆ ಬೇರು ನೆಲದ ಮಟ್ಟದಲ್ಲೇ ಮುರಿಯುತ್ತದೆ. ಮಳೆ ಬಿದ್ದ ಮೇಲೆ ಟೈರಿನ ಗಾಡಿ ಹೂತು ಹೋಗುತ್ತದೆ. ನೀರು ಬಿಡದ ಜವಳು ನೆಲ ಇದ್ದವರು ಜೆಸಿಬಿ ಬಿಟ್ಟು ಚೈನಿನ ಹಿಟಾಚಿಯನ್ನೇ ಕೇಳಿ. ಬಾಡಿಗೆ ಜಾಸ್ತಿ, ಆದರೆ ಹೂತ ಗಾಡಿ ಎತ್ತಲು ಇನ್ನೊಂದು ಗಾಡಿಗೆ ಕೊಡುವ ದುಡ್ಡು ಉಳಿಯುತ್ತದೆ.

ಮೊದಲ ದಿನ ಬಂದ ಡ್ರೈವರ್ ಸಿರುಗುಪ್ಪ ಕಡೆಯವರು, ಐವತ್ತರ ಆಸುಪಾಸು. ಬಂದವರೇ ಗಾಡಿ ಇಳಿದು ಹೊಲ ಸುತ್ತಿದರು. ತಗ್ಗು ಎಲ್ಲಿದೆ, ನೀರು ಯಾವ ಕಡೆ ಹೋಗುತ್ತದೆ ಅಂತ ಕೇಳಿದರು. ಜಾಲಿ ಕೀಳಲು ಬಂದವರು ನೀರಿನ ಬಗ್ಗೆ ಯಾಕೆ ಕೇಳುತ್ತಾರೆ ಅಂತ ನನಗೆ ಆಗ ಹೊಳೆಯಲಿಲ್ಲ. ಅದು ಆಮೇಲೆ ಬರುತ್ತದೆ.

ಅವರ ಕೈಕೆಲಸ ನೋಡುವಂಥದ್ದು. ಬಕೆಟ್‌ನ ಹಲ್ಲನ್ನು ಬುಡಕ್ಕೆ ಊರುವುದಿಲ್ಲ. ಒಂದೂವರೆ ಅಡಿ ದೂರದಲ್ಲಿ ಊರಿ, ಕೆಳಗೆ ಇಳಿಸಿ, ಬುಡದ ಅಡಿಯಿಂದ ತಮ್ಮ ಕಡೆ ಎಳೆದುಕೊಳ್ಳುತ್ತಾರೆ. ಮರ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ವಾಲುತ್ತದೆ. ಪಕ್ಕದ ಬೇರುಗಳು ಟಪ್ ಟಪ್ ಅಂತ ಹರಿಯುವುದು ಇಂಜಿನ್ ಸದ್ದಿನಲ್ಲೂ ಕೇಳಿಸುತ್ತದೆ. ಆಮೇಲೆ ನಿಧಾನಕ್ಕೆ ಎತ್ತಿ, ಗಾಳಿಯಲ್ಲೇ ಎರಡು ಸಲ ಜಾಡಿಸಿ ಮಣ್ಣು ಉದುರಿಸಿ ಪಕ್ಕಕ್ಕೆ ಇಡುತ್ತಾರೆ. ಒಂದು ಬುಡವನ್ನು ನನ್ನ ಮುಂದೆ ಇಟ್ಟು, ಇಳಿದು ಬಂದು ಕೈಯಿಂದ ತೋರಿಸಿದರು. ಕಾಂಡ ಮುಗಿದು ಬೇರು ಶುರುವಾಗುವ ಕಡೆ ಒಂದು ಗಂಟು ಇದೆ. ಸಿಪ್ಪೆ ಒರಟು, ಅಲ್ಲಲ್ಲಿ ಸಣ್ಣ ಮೊಗ್ಗಿನಂಥ ಉಬ್ಬು. ಬಕೆಟ್‌ನ ಹಲ್ಲು ತಾಗಿ ಸೀಳಿದ ಕಡೆ ಹೊರಗೆ ಹಳದಿ, ಒಳಗೆ ಕೆಂಪು ಕಂದು.

"ಅಕ್ಕಾರ, ಮ್ಯಾಲಿಂದು ಕಡದ್ರ ಏನ್ ಬಂತ್ರಿ? ಜೀವಾ ಇಲ್ಲೈತಿ ನೋಡ್ರಿ. ಇದು ಭೂಮ್ಯಾಗ ಉಳೀತಂದ್ರ ನಿಮ್ ರೊಕ್ಕಾ ಹಳ್ಳಕ್ಕ ಹೋತು."

ಪುಸ್ತಕವೂ ಇದನ್ನೇ ಹೇಳುತ್ತದೆ. ಚಿಗುರುವ ಮೊಗ್ಗುಗಳು ಇರುವುದು ಆ ಗಂಟಿನಲ್ಲಿ. ನೆಲದ ಮಟ್ಟದಿಂದ ಒಂದು ಅಡಿ ಕೆಳಗಿನವರೆಗೆ ತೆಗೆದರೆ ಅದರ ಕೆಳಗೆ ಉಳಿದ ಬೇರಿನಿಂದ ಮತ್ತೆ ಮರ ಏಳುವುದು ಕಡಿಮೆ. ತಾಯಿಬೇರು ಆಳಕ್ಕೆ ಎಷ್ಟು ಹೋಗಿದ್ದರೂ ಚಿಂತೆಯಿಲ್ಲ. ಇದೇ ಕುಲದ ಒಂದು ಮರದ ಬೇರು ಅಮೆರಿಕದ ಅರಿಜೋನಾದ ಗಣಿಯೊಂದರಲ್ಲಿ 53 ಮೀಟರ್ ಆಳದಲ್ಲಿ ಸಿಕ್ಕಿತ್ತು. ಅಷ್ಟನ್ನು ಯಾವ ಜೆಸಿಬಿಯೂ ತೆಗೆಯಲಾರದು, ತೆಗೆಯಬೇಕಾಗಿಯೂ ಇಲ್ಲ. ಆ ಒಂದು ಅಡಿಯಲ್ಲೇ ಪಾಸು ಫೇಲು. ಆ ದಿನದ ಕೆಲಸಕ್ಕೆ ಫುಲ್ ಮಾರ್ಕ್ಸ್ ಕೊಟ್ಟೆ. ಮಧ್ಯಾಹ್ನ ಅವರು ಕೇಳಿದ್ದು ಒಗ್ಗರಣಿ ಮಿರ್ಚಿ, ಅದೂ ಬಿಸಿ ಬಿಸಿ. ತರಿಸಿಕೊಟ್ಟೆ.

ಮಾರನೇ ದಿನ ಅವರನ್ನು ಬೇರೆ ಕೆಲಸಕ್ಕೆ ಕಳಿಸಿ ಮಾಲೀಕರು ಒಬ್ಬ ಹುಡುಗನನ್ನು ಅಟ್ಟಿದರು. ನಾನು ಶಾಲೆ ಮುಗಿಸಿ ಹೋಗುವ ಹೊತ್ತಿಗೆ ಅರ್ಧ ಹೊಲ ಸಾಫ್ ಆಗಿತ್ತು. ನೋಡಲು ಬಹಳ ಚಂದ. ಹತ್ತಿರ ಹೋದರೆ ಎಲ್ಲಾ ಮುಂದಿನ ಬಕೆಟ್‌ನಿಂದ ತಳ್ಳಿದ್ದು. ಕಾಂಡಗಳು ಮುರಿದಿವೆ, ಗಂಟುಗಳು ನೆಲದಲ್ಲೇ ಇವೆ, ಮೇಲೆ ಮಣ್ಣು ಎಳೆದು ಮುಚ್ಚಿದ್ದಾನೆ. ಮೇಲ್ಮಣ್ಣನ್ನು ಹೀಗೆ ಹೆರೆದು ಎಳೆದಾಡಿದರೆ ಇನ್ನೊಂದು ಗ್ರಹಚಾರ. ವರ್ಷಗಳಿಂದ ಬಿದ್ದ ಬೀಜ ಅದರಲ್ಲೇ ಇರುತ್ತದೆ, ಅದನ್ನು ಹೊಲದ ತುಂಬಾ ನಾವೇ ಬಿತ್ತಿದಂತಾಯಿತು. ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದು ಕೂರುತ್ತದೆ.

ಮಾಲೀಕರಿಗೆ ಫೋನ್ ಮಾಡಿ, ಗಾಡಿ ನಿಲ್ಲಿಸಿದ್ದೇನೆ, ಬಂದು ನೋಡಿ ಅಂದೆ. ಬಂದರು. ಇದನ್ನು ಹೇಳಲೇಬೇಕು, ಬಂದರು. ವಾದ ಮಾಡಲಿಲ್ಲ. ಹಾರೆ ತಗೊಂಡು ಎರಡು ಕಡೆ ಕೆದರಿ ನೋಡಿ, ಹುಡುಗನಿಗೆ ಎರಡು ಮಾತು ಬೈದು, ಹಳೆಯ ಡ್ರೈವರ್‌ನನ್ನೇ ಕಳಿಸಿ ಮತ್ತೆ ತೋಡಿಸಿದರು. ಮತ್ತೆ ತೋಡಿದ್ದಕ್ಕೆ ಅರ್ಧ ರೇಟು ಹಿಡಿದರು. ಪೂರ್ತಿ ಬಿಡಬೇಕಿತ್ತು ಅನ್ನೋದು ನನ್ನ ವಾದ. ಅರ್ಧ ಡೀಸೆಲ್ ಖರ್ಚು ಅನ್ನೋದು ಅವರದು. ಅಲ್ಲಿಗೇ ಬಿಟ್ಟೆವು.

ಮೀಟರ್ ವಿಷಯದಲ್ಲಿ ಮಾತ್ರ ನಾನು ಬಿಡಲಿಲ್ಲ. ಗಾಡಿ ಶೆಡ್ಡಿನಿಂದ ಹೊರಟ ಕೂಡಲೇ ಗಂಟೆ ಶುರು ಅನ್ನುವುದು ಇವರ ಪದ್ಧತಿ. ಫೋನಿನಲ್ಲಿ ಅದನ್ನು ಹೇಳಿರಲಿಲ್ಲ. ಬರುವ ದಾರಿಯಲ್ಲಿ ಟೈರ್ ಚೆಕ್ ಮಾಡಿಸಿದ ಹೊತ್ತು, ಚಹಾದಂಗಡಿ ಮುಂದೆ ಇಂಜಿನ್ ಆಫ್ ಮಾಡದೆ ನಿಂತ ಹೊತ್ತು, ಎಲ್ಲಾ ನನ್ನ ಲೆಕ್ಕಕ್ಕೆ ಬಂದಿತ್ತು. ಹೊಲಕ್ಕೆ ಬಂದ ಕೂಡಲೇ ನಾನು ಮೀಟರಿನ ಫೋಟೋ ತೆಗೆದಿದ್ದೆ, ಸಂಜೆ ಬಿಡುವಾಗಲೂ ತೆಗೆದಿದ್ದೆ. ಆ ಎರಡು ಫೋಟೋ ತೋರಿಸಿದ ಮೇಲೆ ಹೋಗಿ ಬರುವುದಕ್ಕೆ ಒಂದು ಗಂಟೆ ಅಂತ ತೀರ್ಮಾನ ಆಯಿತು. ಬಿಲ್ ಮಾತ್ರ ಕೊಡಲಿಲ್ಲ. ಹಾಳೆಯ ಮೇಲೆ ಪೆನ್ನಿನಲ್ಲಿ ಬರೆದ ಲೆಕ್ಕ, ಅದೂ ಕೂಡಿಸುವುದು ತಪ್ಪಿತ್ತು. ಕೂಡಿಸಿ ಕೊಟ್ಟವಳು ನಾನೇ.

ಪಂಕ್ಚರ್ ಖರ್ಚನ್ನೂ ಬರೆದಿದ್ದರು. ಜಾಲಿ ಕೀಳಲು ಬಂದವರಿಗೆ ಜಾಲಿಯಲ್ಲಿ ಮುಳ್ಳಿರುತ್ತದೆ ಅಂತ ಗೊತ್ತಿರಲಿಲ್ವಾ ಅಂತ ಕೇಳಿದೆ. ನಕ್ಕು ಅದನ್ನು ಹೊಡೆದು ಹಾಕಿದರು.

ಗುಂಡಿಗಳ ಕಥೆ ಬೇಸರದ್ದು. ಬುಡ ತೋಡಿದ ಕಡೆ ಎಲ್ಲಾ ಸೊಂಟದ ಮಟ್ಟದ ಗುಂಡಿ. ಮುಚ್ಚುವುದು ಕೆಲಸದಲ್ಲೇ ಬರುತ್ತದೆ ಅಂತ ನಾನು ತಿಳಿದಿದ್ದೆ, ಅದು ಬೇರೆ ಗಂಟೆ ಅಂತ ಅವರು. ಹೊಲದಲ್ಲಿ ದನ ಬಿದ್ದರೆ ಕಾಲು ಮುರಿಯುತ್ತದೆ. ಕೊನೆಗೆ ಊರಿನ ಟ್ರ್ಯಾಕ್ಟರ್ ಬ್ಲೇಡಿನವರಿಂದ ಮಟ್ಟ ಮಾಡಿಸಿದೆ, ಅದಕ್ಕೆ ಬೇರೆ ದುಡ್ಡು. ಇಲ್ಲಿ ಹತ್ತು ಮಾರ್ಕ್ಸ್ ಕಟ್.

ಕಟ್ಟಿಗೆ ಮಾರಿದ್ದರಿಂದ ಖರ್ಚಿನ ಒಂದು ಪಾಲು ವಾಪಸ್ ಬಂತು. ದಪ್ಪ ಕಟ್ಟಿಗೆಯನ್ನು ಇಟ್ಟಿಗೆ ಭಟ್ಟಿಯವರು ತಗೊಂಡರು. ಕಾಟಾ ಮಾಡಿಸುವಾಗ ನಮ್ಮ ಮನೆಯವರನ್ನು ಜೊತೆಗೆ ಕಳಿಸಿದ್ದೆ, ಚೀಟಿ ಕೈಗೆ ಬಂದ ಮೇಲೆಯೇ ಲಾರಿ ಬಿಟ್ಟರು. ಸಣ್ಣ ಕೊಂಬೆಗಳನ್ನು ಊರಿನ ಹೆಣ್ಣುಮಕ್ಕಳು ಕೇಳಿದರು, ಒಯ್ಯಿರಿ ಅಂದೆ. ಅವರಲ್ಲಿ ಒಬ್ಬ ಅಜ್ಜಿ ಕುಡುಗೋಲು ಹಿಡಿದುಕೊಂಡೇ ನನ್ನನ್ನು ಬೈದರು: "ಎಲ್ಲಾ ಕಿತ್ತಿಸಿಬಿಟ್ರ ನಾಳಿ ನಾವ್ ಒಲಿಗಿ ಏನ್ ಹಚ್ಚೂದವ್ವಾ?" ಉತ್ತರ ಕೊಡಲು ಆಗಲಿಲ್ಲ. ಸಿಲಿಂಡರ್ ಇದ್ದ ಮನೆಯಲ್ಲೂ ನೀರು ಕಾಯಿಸುವುದು ಕಟ್ಟಿಗೆ ಒಲೆಯ ಮೇಲೇ. ಹಳ್ಳದ ದಂಡೆಯ ಜಾಲಿ ನಮ್ಮದಲ್ಲ, ಸರ್ಕಾರದ್ದು. ಅದನ್ನು ಮುಟ್ಟಿಸಲಿಲ್ಲ. ಅಜ್ಜಿಗೆ ಅದೊಂದು ಸಮಾಧಾನ, ನನ್ನ ಹೊಲಕ್ಕೆ ಅದೇ ಮುಂದಿನ ಬೀಜದ ಗೋದಾಮು.

ಈಗ ನೀರಿನ ಮಾತು. ಹೊಲದ ತೀರಾ ತಗ್ಗಿನ ಮೂಲೆಯಲ್ಲಿ ಜಾಲಿ ಇರಲಿಲ್ಲ, ಆಪು ಇತ್ತು, ಅಂದರೆ ಜೊಂಡು. ಆಳೆತ್ತರದ ಆಪು. ಅಲ್ಲಿ ಕಾಲಿಟ್ಟರೆ ನೆಲ ಮೆತ್ತಗೆ ಕುಸಿಯುತ್ತದೆ. ವರ್ಷ ವರ್ಷ ಬಿದ್ದ ಎಲೆ, ದಂಟು ನೀರಿನ ಕೆಳಗೆ ಅರ್ಧ ಕೊಳೆತು ಕಪ್ಪಗೆ ಕೂತಿದೆ. ಒಂಬತ್ತನೇ ಕ್ಲಾಸಿನ ಒಂದು ಹುಡುಗಿ ಹೊಲ ನೋಡಲು ನಮ್ಮ ಜೊತೆ ಬಂದಿದ್ದಳು. ಟೀಚರ್, ನೀವು ಹೇಳಿದ ಪೀಟ್ ಇದೇನಾ ಅಂತ ಕೇಳಿದಳು. ಅಲ್ಲ, ಆದರೆ ಒಳ್ಳೆ ಪ್ರಶ್ನೆ. ಪೀಟ್ ಆಗಲು ಹೀಗೆ ಕೊಳೆಯದ ಸಸ್ಯ ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್‌ನಂತೆ ಸಾವಿರಾರು ವರ್ಷ ಪೇರಿಕೊಳ್ಳಬೇಕು. ನಮ್ಮದು ಎರೆ ಮಣ್ಣಿನ ಮೇಲಿನ ಕೆಲವು ವರ್ಷದ ಕೆಸರು. ನಿಜವಾದ ಪೀಟ್ ನೆಲ ನಮಗೆ ಹತ್ತಿರ ಅಂದರೆ ನೀಲಗಿರಿಯ ಮೇಲೆ, ಹುಲ್ಲುಗಾವಲಿನ ತಗ್ಗುಗಳಲ್ಲಿದೆ. ಭೂಮಿಯ ಒಟ್ಟು ನೆಲದಲ್ಲಿ ಇಂಥ ಜಾಗ ಶೇ 3ರಷ್ಟು ಮಾತ್ರ, ಆದರೆ ಜಗತ್ತಿನ ಕಾಡುಗಳ ಮರಗಿಡಗಳಲ್ಲಿರುವುದಕ್ಕಿಂತ ಜಾಸ್ತಿ ಇಂಗಾಲ ಅದರೊಳಗಿದೆ.

ಅಲ್ಲೂ ಹೊರಗಿನ ಗಿಡಗಳ ಕಾಟ ತಪ್ಪಿಲ್ಲ. ನೀಲಗಿರಿಗೆ 19ನೇ ಶತಮಾನದಲ್ಲಿ ಆಸ್ಟ್ರೇಲಿಯಾದ ವ್ಯಾಟಲ್ ತಂದರು, ಸೌದೆಗೆ, ಚರ್ಮ ಹದ ಮಾಡುವ ತೊಗಟೆಗೆ. ಅದು ಹುಲ್ಲುಗಾವಲನ್ನು ಮುಚ್ಚಿತು. ಐರ್ಲೆಂಡಿನಲ್ಲಿ ತೋಟದ ಚಂದಕ್ಕೆ ಅಂತ 18ನೇ ಶತಮಾನದಲ್ಲಿ ತಂದ ರೋಡೋಡೆಂಡ್ರಾನ್ ಈಗ ಪೀಟ್ ನೆಲದ ಮೇಲೂ ಹಬ್ಬಿದೆ. ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಆಸ್ಟ್ರೇಲಿಯಾದ ಮೆಲಲೂಕ ಮರ ಹೀಗೇ ಹಬ್ಬಿತು. ತುಂಬಿದ ಒದ್ದೆ ಪೀಟ್ ಮೇಲೆ ಪಾಚಿ, ಹುಲ್ಲು ಬಿಟ್ಟರೆ ಬೇರೆ ಗಿಡಕ್ಕೆ ಬೇರೂರುವುದೇ ಕಷ್ಟ. ಕಾಲುವೆ ತೋಡಿ ನೀರು ಬಸಿದರೆ, ಬೆಂಕಿ ಬಿದ್ದರೆ, ಆಗ ಹೊರಗಿನ ಮರಕ್ಕೆ ಬಾಗಿಲು ತೆರೆಯುತ್ತದೆ. ಮರ ಬೇರೂರಿ ಇನ್ನಷ್ಟು ನೀರು ಹೀರುತ್ತದೆ. ಅದಕ್ಕೇ ಅಲ್ಲೆಲ್ಲಾ ಮರ ಕಿತ್ತರೆ ಸಾಲದು, ತೋಡಿದ ಕಾಲುವೆಗೆ ಅಡ್ಡಗಟ್ಟೆ ಹಾಕಿ ನೀರನ್ನು ವಾಪಸ್ ನಿಲ್ಲಿಸಬೇಕು. ನಮ್ಮ ಕಡೆ ಇದು ಉಲ್ಟಾ. ಇಲ್ಲಿ ಬೇಡದ ನೀರು ಬಂದು ಕೂತು ನೆಲ ಕೆಟ್ಟಿದೆ, ಇದನ್ನು ಬಸಿಯಬೇಕು. ಎರಡು ಕಡೆಯೂ ಮೊದಲು ಕೆಟ್ಟದ್ದು ನೀರಿನ ಲೆಕ್ಕ, ಗಿಡ ಬಂದದ್ದು ಆಮೇಲೆ.

ಸಿರುಗುಪ್ಪದ ಡ್ರೈವರ್ ಇಷ್ಟೆಲ್ಲಾ ಓದಿದವರಲ್ಲ. ಜಾಲಿ ಮುಗಿದ ಮೇಲೆ ಬಂದು, ಅಕ್ಕಾರ, ಬಸಿಗಾಲುವೆ ಹೂತು ಹೋಗ್ಯದ, ಅದನ್ನ ತೋಡದ ಇದ್ರ ಎರಡ ವರ್ಷದಾಗ ಮತ್ತ ನನ್ನ ಕರೀತೀರಿ ಅಂದರು. ನೋಡಿದರೆ ನಿಜ. ಹೊಲದ ಅಂಚಿನ ಹಳೆಯ ಬಸಿಗಾಲುವೆ ಆಪು, ಹೂಳು ತುಂಬಿ ಗುರುತೇ ಸಿಗದಂತೆ ಆಗಿತ್ತು. ಅದನ್ನು ಹಳ್ಳದವರೆಗೆ ತೋಡಿಸಿದೆ. ಬಕೆಟ್ ಇಳಿಸಿದ ಕಡೆ ಕಪ್ಪು ನೀರು ಬಂದು, ಸಂಜೆ ಹೊತ್ತಿಗೆ ಹಳ್ಳದ ಕಡೆ ಹರಿಯಲು ಶುರುವಾಯಿತು. ಇಡೀ ಖರ್ಚಿನಲ್ಲಿ ನನಗೆ ಕೊಟ್ಟ ದುಡ್ಡು ಸಾರ್ಥಕ ಅನ್ನಿಸಿದ್ದು ಇದೇ. ಬಿಲ್ಲಿನಲ್ಲಿ ಇದಕ್ಕೆ ಬಿದ್ದದ್ದು ಎಲ್ಲಕ್ಕಿಂತ ಕಡಿಮೆ. ಸೇವೆ ಕೊಡುವವರು ಜಾಲಿ ಕೀಳುವುದನ್ನು ಬೋರ್ಡಿನಲ್ಲಿ ದೊಡ್ಡದಾಗಿ ಬರೆಯುತ್ತಾರೆ, ಇದನ್ನು ಬರೆಯುವುದಿಲ್ಲ. ಡ್ರೈವರ್ ಬಾಯಿಂದ ಕೇಳಬೇಕು.

ಮುಂದಿನ ಕೆಲಸಕ್ಕೆ ಮಣ್ಣು ಪರೀಕ್ಷೆ ಮಾಡಿಸಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಮಣ್ಣಿನ ಮೇಲೆ ಬಹಳ ವರ್ಷಗಳಿಂದ ಕೆಲಸ ನಡೆದಿದೆ. ನೆಲದಡಿ ತೂತಿನ ಪೈಪ್ ಹಾಕಿ ನೀರು ಬಸಿಯುವ ಪ್ರಯೋಗಗಳೂ ಆಗಿವೆ. ಬರೀ ಉಪ್ಪು ಜಾಸ್ತಿ ಇದ್ದರೆ ಒಳ್ಳೆ ನೀರು ಕಟ್ಟಿ ತೊಳೆದು ಬಸಿದರೆ ಸಾಕು. ಸೋಡಿಯಂ ಮಣ್ಣಿಗೆ ಅಂಟಿಕೊಂಡು ಕ್ಷಾರ ಆಗಿದ್ದರೆ ಮಾತ್ರ ಜಿಪ್ಸಂ ಬೇಕು. ಪರೀಕ್ಷೆ ಇಲ್ಲದೆ ಜಿಪ್ಸಂ ಲಾರಿ ತರಿಸುವುದು ಸುಮ್ನೆ ದುಡ್ಡು ದಂಡ. ಮೊದಲ ಮಳೆಗೆ ಹಸಿರು ಗೊಬ್ಬರದ ಡಯಾಂಚ ಬೀಜ ಚೆಲ್ಲಿ, ಹೂ ಬರುವ ಹೊತ್ತಿಗೆ ರೋಟವೇಟರ್ ಹೊಡೆಸಿದೆವು.

ಜೆಸಿಬಿ ಆಡಿದ ನೆಲದಲ್ಲಿ ಇನ್ನೊಂದು ಗಿರಾಕಿ ಬರುತ್ತದೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಕಾಂಗ್ರೆಸ್ ಗಿಡ. ಉಪ್ಪು ಕಡಿಮೆ ಇದ್ದ ಮೇಲಿನ ಅಂಚಿನಲ್ಲಿ, ಮಣ್ಣು ತಿರುವಿದ ಕಡೆಯೆಲ್ಲಾ ಒಂದೇ ಮಳೆಗೆ ಹಸಿರೋ ಹಸಿರು. ಇದೂ ಅಮೆರಿಕದ್ದೇ. ಇದನ್ನು ತಿನ್ನುವ ಮೆಕ್ಸಿಕೋದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟಿದ್ದರು. ಮಳೆಗಾಲದಲ್ಲಿ ಎಲೆ ಮೇಲೆ ಕಂದು ಗೆರೆಯ ಸಣ್ಣ ದುಂಬಿ ಕಂಡರೆ ಅದೇ, ಕೊಲ್ಲಬೇಡಿ. ಅದರ ಮೇಲೆ ಭಾರ ಹಾಕಿ ಕೂರಬೇಡಿ, ಹೂ ಬರುವ ಮೊದಲು ಕೈಗೆ ಗ್ಲೌಸ್ ಹಾಕಿ ಕಿತ್ತು ಹಾಕಿ. ನನಗೆ ಅದರ ಅಲರ್ಜಿ, ಕೈ ಪೂರ್ತಿ ತುರಿಕೆ ಎದ್ದಿತ್ತು.

ಜಾಲಿ ಸಸಿಗಳೂ ಎದ್ದವು, ಬೀಜದಿಂದ. ಅವನ್ನು ಕೂಲಿಯವರು ಕುರ್ಚಿಗೆಯಿಂದ ಮೂಲಂಗಿ 

ಕಿತ್ತ ಹಾಗೆ ಎತ್ತಿ ಹಾಕಿದರು. ಗೇಣುದ್ದ ಇರುವಾಗ ಅಷ್ಟು ಸುಲಭ. ಒಂದು ವರ್ಷ ಬಿಟ್ಟರೆ ಮತ್ತೆ ಜೆಸಿಬಿಯೇ ಬರಬೇಕು. ಬುಡ ತೋಡಿ ಎತ್ತಿದ ಭಾಗದಲ್ಲಿ ಹಳೆಯ ಬುಡದಿಂದ ಚಿಗುರು ಬಂದದ್ದು ತೀರಾ ಕಡಿಮೆ. ಹುಡುಗ ತಳ್ಳಿದ ಭಾಗದಲ್ಲಿ, ಮತ್ತೆ ತೋಡಿಸಿದ ಮೇಲೂ, ಮಣ್ಣಿನಡಿ ತಪ್ಪಿಸಿಕೊಂಡ ಗಂಟುಗಳು ಜುಲೈ ಹೊತ್ತಿಗೆ ತಲೆ ಎತ್ತಿದವು. ಫೋಟೋ ತೆಗೆದು ಮಾಲೀಕರಿಗೆ ವಾಟ್ಸಾಪ್ ಮಾಡಿದ್ದೇನೆ. ಎರಡು ನೀಲಿ ಗೆರೆ ಬಂದಿವೆ, ಉತ್ತರ ಬಂದಿಲ್ಲ. ಅದಕ್ಕೂ ಮಾರ್ಕ್ಸ್ ಹೋಗಿದೆ.

ಯಾರಿಗೆ ಈ ಸೇವೆ ಬೇಡ ಅಂತಲೂ ಹೇಳಬೇಕು. ಹತ್ತಿಪ್ಪತ್ತು ಮರ ಇದ್ದವರು ಗಾಡಿ ಕರೆಸಬೇಡಿ. ಹೋಗಿ ಬರುವ ದುಡ್ಡಿನಲ್ಲಿ ಇಬ್ಬರು ಆಳು ಹಾರೆ, ಗುದ್ದಲಿ, ಕೊಡಲಿ ಹಿಡಿದು ಗಂಟಿನ ಸಮೇತ ತೆಗೆಯುತ್ತಾರೆ. ಕಿತ್ತ ಮೇಲೆ ಹೊಲಕ್ಕೆ ಏನೂ ಹಾಕದೆ ಬೀಳು ಬಿಡುವವರೂ ಕರೆಸಬೇಡಿ, ಖಾಲಿ ನೆಲ ಜಾಲಿಗೆ ಕರೆದ ಹಾಗೆಯೇ. ಉಳಿದವರು ಕರೆಸಿ. ಆದರೆ ತೋಡಿ ಎತ್ತಬೇಕು, ಗುಂಡಿ ಮುಚ್ಚಬೇಕು, ಗಂಟೆ ಹೊಲದಲ್ಲೇ ಶುರು, ಇಷ್ಟನ್ನು ಮೊದಲೇ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಸಂಜೆ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ನಮ್ಮ ನಾದಿನಿಯ ಹೊಲ ಕಾರಟಗಿ ಕಡೆ ಇದೆ, ಅಲ್ಲೂ ಇದೇ ಕಾಟ. ಈ ಬೇಸಿಗೆಗೆ ಮುಂಚೆ ಅವರದು ಕೀಳಿಸಬೇಕು. ಇದೇ ಮಾಲೀಕರಿಗೇ ಹೇಳಿದ್ದೇನೆ, ಒಂದು ಷರತ್ತಿನ ಮೇಲೆ: ಸಿರುಗುಪ್ಪದವರು ಬಂದರೆ ಮಾತ್ರ ಗಾಡಿ ಹೊಲಕ್ಕೆ ಇಳಿಯಬೇಕು, ಇಲ್ಲದಿದ್ದರೆ ರಸ್ತೆಯಿಂದಲೇ ವಾಪಸ್. ಮಾಲೀಕರು ಒಪ್ಪಿದ್ದಾರೆ. ಸಿರುಗುಪ್ಪದವರು ಮಾತ್ರ ಈ ಸಲ ಬತ್ತಾ ಇನ್ನೂರು ಜಾಸ್ತಿ ಕೇಳಿದ್ದಾರೆ, ಮಿರ್ಚಿ ಬೇರೆ.